ಅಕ್ಕಾರ ಡಬ್ಬಿಯಲ್ಲಿ ನನ್ನ ಕಫ

ನಮ್ಮ ವಠಾರದ ಮಾಲಕರ ಹೆಂಡತಿ ಮರ್ಯಾದೆಗೆ ಅಂಜಿ ಸತ್ತರು. ಅದಕ್ಕೆ ನಾನೂ ಕೈಜೋಡಿಸಿದೆ.

ಮೊನ್ನೆ ಆಶಾ ಕಾರ್ಯಕರ್ತೆ ಕಫ ಪರೀಕ್ಷೆಗೆಂದು ಮುಚ್ಚಳದ ಪುಟ್ಟ ಡಬ್ಬಿ ಕೊಟ್ಟು ಹೋದಳು. ತಿಂಗಳಿಂದ ನನಗೆ ಕೆಮ್ಮು. ಡಬ್ಬಿ ಕೈಗೆ ಬಂದದ್ದೇ, ಅರವತ್ತು ವರ್ಷದ ಹಿಂದಿನ ತಗಡಿನ ಡಬ್ಬಿ ನೆನಪಾಯಿತು…

ಆಗ ನನ್ನ ಗಂಡ ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದ. ವಠಾರದ ಮಾಲಕರಿಗೆ ಅಂಗಡಿ, ಹೊಲ ಎಲ್ಲ ಇತ್ತು. ಅವರ ಹೆಂಡತಿಯನ್ನು ನಾವು ಅಕ್ಕಾರು ಅನ್ನುತ್ತಿದ್ದೆವು. ಹೈಸ್ಕೂಲು ಓದಿದವರು. ಕ್ಷಯಕ್ಕೆ ಔಷಧಿ ಬಂದಿದೆ ಎಂದು ಪೇಪರ್ ನೋಡಿ ನಮಗೆ ಹೇಳಿದ್ದೇ ಅವರು. ಆಸ್ಪತ್ರೆಯವರು ಕಫ ಪರೀಕ್ಷೆಗೆ ತಗಡಿನ ಡಬ್ಬಿ ತಂದಾಗ ಗಿರಣಿಯವರ ಮನೆ ಹೆಂಗಸರೆಲ್ಲ ಉಗುಳಿ ಕೊಟ್ಟೆವು. ಬಡವರಿಗೆ ಒಲ್ಲೆ ಅನ್ನುವ ಧೈರ್ಯ ಎಲ್ಲಿಂದ? ಅಕ್ಕಾರಿಗೂ ಒಂದು ಡಬ್ಬಿ ಬಂತು. ಸಂಜೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಒಲೆ ಮುಂದೆ ಬಂದು ಕೂತರು.

"ನಾಳೆ ಮುಂಜಾನೆ ಇದ್ರಾಗೂ ನೀನೇ ಉಗುಳು."

"ನಂದು ಕೊಟ್ಟಾಯ್ತಲ್ರಿ ಅಕ್ಕಾರೆ. ಕೆಮ್ಮೋರು ನೀವು!"

"ಕ್ಷಯದ ಮನೆ ಅಂದ್ರೆ ಕುಕ್ಕುವಾಡದೋರು ನನ್ ಮಗಳ್ನ ತಗೊಂತಾರೇನೆ? ಉಗುಳಾಕೂ ನಿಂಗೆ ಕಲಿಸ್ಬೇಕೇನು?"

ಅವರ ಮನೆಯ ಬಾಡಿಗೆಯವಳು ನಾನು. ಉಗುಳಿದೆ.

ಅಕ್ಕಾರಿಗೆ ರೋಗವಿಲ್ಲ ಎಂದು ಚೀಟಿ ಬಂತು. ಅದನ್ನು ಮಡಚಿ ಕುಪ್ಪಸದಲ್ಲಿಟ್ಟುಕೊಂಡೇ ಓಡಾಡಿದರು. ಯಾರಾದರೂ ಕೆಮ್ಮಿನ ಮಾತೆತ್ತಿದರೆ, "ನೋಡ್ರಿ, ಡಾಕ್ಟ್ರ ಸಹಿ ಐತೆ" ಎಂದು ತೆಗೆದು ತೋರಿಸುತ್ತಿದ್ದರು. ಬರುಬರುತ್ತಾ ಅವರೇ ಅದನ್ನು ನಂಬಿದರೋ ಏನೋ… ಮಗಳ ಮದುವೆ ಆಯಿತು. ಹೊಳೆಯ ಗಾಳಿಗೆ ಸರಿಹೋಗುತ್ತದೆ ಎಂದು ಅವರನ್ನು ಹರಿಹರದ ತವರಿಗೆ ಕಳಿಸಿದರು. ಅಲ್ಲಿಂದ ಸಾವಿನ ಸುದ್ದಿ ಬಂತು. ನಾನು ಬಾಯಿ ಬಿಡಲಿಲ್ಲ. ನಮ್ಮ ಸಾಲಿನಲ್ಲಿ ಕಫದಲ್ಲಿ ರೋಗ ಕಂಡವಳೊಬ್ಬಳು ಮಾತ್ರೆ ನುಂಗಿ ಮೊಮ್ಮಕ್ಕಳನ್ನು ಕಂಡಳು. ಅಕ್ಕಾರೂ ಕಾಣಬೇಕಿತ್ತು…

ಮೊನ್ನೆ ಡಬ್ಬಿ ನೋಡಿ, ಎಂ.ಎ. ಓದಿದ ನನ್ನ ಸೊಸೆ ಮುಖ ಸಿಂಡರಿಸಿದಳು. "ಈ ವಯಸ್ನಾಗೆ ನಿಮಗ್ಯಾಕ ಅತ್ತೇರೆ ಇದೆಲ್ಲ? ಓಣಿ ಮಂದಿ ಏನಂತಾರೆ?"

"ಮುದುಕಿಗೆ ಕೆಮ್ಮು ಐತೆ ಅಂತಾರೆ. ಐತೆ."

ಮರುದಿನ ಬೆಳಿಗ್ಗೆ ಬಾಯಿ ಮುಕ್ಕಳಿಸಿ, ಹೊರಗಿನ ಕಟ್ಟೆಯ ಮೇಲೆ ಕೂತು, ಓಣಿಗೆಲ್ಲ ಕೇಳುವಂತೆ ಕೆಮ್ಮಿ ಡಬ್ಬಿಗೆ ಉಗುಳಿದೆ. ಮುಚ್ಚಳ ಬಿಗಿಮಾಡಿ, ಸೊಸೆಯ ಕೈಗೆ ಪೆನ್ನು ಕೊಟ್ಟು, ಅದರ ಮೇಲೆ ನನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಸಿದೆ.