ನಿನ್ನ ಬದಲು ನಾನು ಕೊಟ್ಟ ಉತ್ತರ

ಡಾಕ್ಟರು ಕೇಳಿದ್ದು ನಿನ್ನನ್ನು, ಚೈತ್ರಾ. ಉತ್ತರ ಕೊಟ್ಟವಳು ನಾನು — ಅದೂ ಸುಳ್ಳು ಉತ್ತರ. ನಾಲ್ಕು ವರ್ಷವಾಯಿತು, ಯಾರಿಗೂ ಹೇಳಿಲ್ಲ.

ಆಗ ನಿನಗೆ ಹದಿನೇಳು. ಕಿಡ್ನಿ ಕಾಯಿಲೆ ಹದಿಮೂರಕ್ಕೇ ಅಂಟಿಕೊಂಡಿತ್ತು. ತಿಂಗಳಿಗೊಮ್ಮೆ ಹಿರೀಸಾವೆಯಿಂದ ಹಾಸನದ ಆಸ್ಪತ್ರೆಗೆ ನಿನ್ನನ್ನು ಕರೆದೊಯ್ಯುತ್ತಿದ್ದವಳು ನಾನೇ. ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಗಣಿತದಲ್ಲಿ ನಿನ್ನನ್ನು ಮೀರಿಸುವವರಿರಲಿಲ್ಲ. ಅಂಥ ನೀನು ಆ ವರ್ಷ ದಸರಾ ಕಳೆದ ಮೇಲೆ ಒಂದೇ ಪುಟ ಹಿಡಿದು ಕೂತುಬಿಡುತ್ತಿದ್ದೆ. ಮಾತಿನ ಮಧ್ಯೆ ನಿಂತು, ಏನು ಹೇಳಹೊರಟಿದ್ದೆ ಎಂದು ನನ್ನ ಮುಖದಲ್ಲಿ ಹುಡುಕುತ್ತಿದ್ದೆ — ಆ ನೋಟ...

"ಅಕ್ಕ, ಓದಿದ್ದು ತಲೇಲಿ ನಿಲ್ತಿಲ್ಲ ಕಣೆ. ಮಂಜು ಮುಚ್ಕಂಡಂಗಾಯ್ತದೆ. ಈ ಸಲ ಡಾಕ್ಟ್ರಿಗೆ ಏಳ್ಬೇಕು," ಎಂದು ನೀನು ಬಸ್ಸಿನಲ್ಲಿ ಹೇಳಿದೆ. ನಾನು ಕಿಟಕಿಯತ್ತ ತಿರುಗಿದೆ.

ಆ ವಾರವಷ್ಟೇ ಅರಕಲಗೂಡಿನಿಂದ ನನ್ನನ್ನು ನೋಡಲು ಬಂದು ಒಪ್ಪಿ ಹೋಗಿದ್ದರು. ಹೊರಡುವಾಗ ಹುಡುಗನ ತಾಯಿ ನಮ್ಮಮ್ಮನನ್ನು ಕೇಳಿದ್ದರು: "ಚಿಕ್ಕುಡ್ಗಿಗೆ ಕಿಡ್ನಿ ತೊಂದ್ರೆ ಅಂತ ಗೊತ್ತು ಕಣಮ್ಮ, ಇರ್ಲಿ. ತಲೆಗಿಲೆ ಸರ್ಯಾಗೈತೆ ತಾನೆ?" ಆ ಪ್ರಶ್ನೆ ನನ್ನೊಳಗೆ ಮುಳ್ಳಿನಂತೆ ಮುರಿದುಕೊಂಡಿತ್ತು.

ಡಾಕ್ಟರು ನಿನ್ನತ್ತ ಬಾಗಿ, "ಓದು ಹೇಗೆ ನಡೀತಿದೆಯಮ್ಮ? ಮರೆವು ಏನಾದರೂ?" ಎಂದರು. ನೀನು ಬಾಯಿ ತೆರೆದೆ. ಮಾತು ಸಿಗಲಿಲ್ಲ. ಅಷ್ಟರಲ್ಲಿ ನಾನು —

"ಏನೂ ಇಲ್ಲ ಸಾ. ಕ್ಲಾಸಿಗೇ ಫಸ್ಟು ಇವ್ಳು."

ನೀನು ನನ್ನತ್ತ ನೋಡಿದೆ. ನನ್ನ ಮಾತೇ ನಿಜವಿರಬಹುದು ಅಂದುಕೊಂಡೆಯೇನೋ.

ಎರಡು ವಾರ ಕಳೆದಿರಬೇಕು. ಬೆಳಿಗ್ಗೆ ಎಂದಿನಂತೆ ಕಾಲೇಜಿಗೆ ಹೊರಟಿದ್ದೆ ನೀನು. ಮಧ್ಯಾಹ್ನ ಹೊಳೆನರಸೀಪುರದ ಬಸ್ ನಿಲ್ದಾಣದಿಂದ ಕಂಡಕ್ಟರೊಬ್ಬರ ಫೋನು. ನಿನ್ನ ಐಡಿ ಕಾರ್ಡಿನಲ್ಲಿ ನನ್ನ ನಂಬರಿತ್ತು. "ನಿಮ್ಮುಡ್ಗಿ ಇಲ್ಲೇ ಅವ್ಳೆ ಕಣಮ್ಮ. ಯಾವೂರು ಅಂದ್ರೆ ಏಳಕ್ಕಾಯ್ತಿಲ್ಲ. ಬಿರ್ನೆ ಬನ್ನಿ."

ಅಪ್ಪನೂ ನಾನೂ ಕಾರು ಮಾಡಿಕೊಂಡು ಓಡಿದೆವು. ಕಲ್ಲುಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದೆ ನೀನು. ಭುಜ ಮುಟ್ಟಿದೆ. ನೀನು ಹಿಂದೆ ಸರಿದೆ.

"ನೀವ್ಯಾರು?"

ಬಹುವಚನ. ನನಗೆ.

ಹಾಸನ ಮುಟ್ಟುವ ಮೊದಲೇ ಕಾರಿನಲ್ಲಿ ನಿನಗೆ ಫಿಟ್ಸ್ ಬಂತು. ನನ್ನ ತೊಡೆಯ ಮೇಲೆ ನಿನ್ನ ತಲೆ ಬಡಿದುಕೊಳ್ಳುತ್ತಿತ್ತು. ಹಿಡಿಯಲೂ ಹೆದರಿಕೆ, ಬಿಡಲೂ ಹೆದರಿಕೆ.

ಕಿಡ್ನಿ ಸೋಸದೆ ರಕ್ತದಲ್ಲಿ ವಿಷ ಸೇರಿದೆ, ಬಿಪಿ ವಿಪರೀತ ಏರಿದೆ ಎಂದರು ಡಾಕ್ಟರು. ಚಿಕ್ಕ ವಯಸ್ಸಿನವರಲ್ಲಿ ಈ ಕಾಯಿಲೆ ಗಮನವನ್ನೂ ನೆನಪನ್ನೂ ಸದ್ದಿಲ್ಲದೆ ತಿನ್ನಬಲ್ಲದಂತೆ. "ಮರೆವು ಮೊದಲೇ ಶುರುವಾಗಿರಬೇಕಲ್ಲ. ಮನೆಯಲ್ಲಿ ಯಾರೂ ಗಮನಿಸಲಿಲ್ಲವಾ?" ಅಪ್ಪ ನನ್ನತ್ತ ನೋಡಿದರು. ಇಲ್ಲವೆಂದು ತಲೆಯಾಡಿಸಿದೆ. ಎರಡನೇ ಸಲ.

ಮೂರನೇ ದಿನ ನೀನು ನನ್ನನ್ನು ಗುರುತಿಸಿದೆ. ಡಯಾಲಿಸಿಸ್ ಶುರುವಾದ ಮೇಲೆ ಮಂಜು ಸ್ವಲ್ಪ ಸರಿಯಿತು — ಪೂರ್ತಿ ಅಲ್ಲ. ನಿನ್ನ ಕಾಲೇಜು ನಿಂತಿತು. ನನ್ನ ಮದುವೆ ನಡೆಯಿತು. ಈಗಲೂ ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಎರಡನೇ ರಿಂಗಿಗೆ ಮೊದಲೇ ಎತ್ತಿಬಿಡುತ್ತೇನೆ.

ಹೋದ ಹಬ್ಬಕ್ಕೆ ತೌರಿಗೆ ಬಂದಾಗ ನೀನು ನಗುತ್ತಾ, "ನಾನು ದಡ್ಡಿ ಕಣಕ್ಕ, ಅದ್ಕೇ ಓದು ತಲೆಗತ್ಲಿಲ್ಲ," ಎಂದೆ. ನಾನು ತಟ್ಟೆಗೆ ಇನ್ನಷ್ಟು ಸಾರು ಬಡಿಸಿಕೊಂಡೆ.

ನೀನು ದಡ್ಡಿಯಲ್ಲ. ನಿನ್ನ ತಲೆಗೆ ಏನೋ ಆಗುತ್ತಿದೆ ಎಂದು ಎಲ್ಲರಿಗಿಂತ ಮೊದಲು ಕಂಡುಕೊಂಡವಳು ನೀನು. ಅದನ್ನು ಅದುಮಿದವಳು ನಾನು. ಅಂದೇ ಹೇಳಿದ್ದರೆ ಎಷ್ಟು ಉಳಿಯುತ್ತಿತ್ತೋ ತಿಳಿಯದು. ಆ ತಿಳಿಯದ್ದರ ಹಿಂದೆ ಅವಿತುಕೊಳ್ಳಲಾರೆ.

ಈ ಕಾಗದ ಓದಲು ನಿನಗೆ ತುಂಬ ಹೊತ್ತು ಬೇಕಾದೀತು. ನಾನು ಓದಿ ಹೇಳುವುದಿಲ್ಲ — ನೀನೇ ಓದು. ಮುಗಿಯುವವರೆಗೂ ಎದುರಿಗೆ ಕೂತಿರುತ್ತೇನೆ. ಆಮೇಲೆ ನೀನು ಏನು ಅಂದರೂ ಕೇಳಿಸಿಕೊಳ್ಳುತ್ತೇನೆ.