ಬೆಂಡಿನ ಗರಡಿ

ನಮ್ಮಪ್ಪನ ಮಾತನ್ನ ನಾನು ಹುಟ್ಟಿದಾಗಿನಿಂದ ಕೇಳಿದವಳಲ್ಲ. ಒಂದೇ ಒಂದು ಸಲ ಕೇಳಿದೆ, ಅದರಿಂದಲೇ ಎಲ್ಲಾ ಹಾಳಾಯಿತು. ಈಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತೆ.

ಅಪ್ಪ ಹೊಳೆನರಸೀಪುರದ ಗರಡಿಗೆ ಉಸ್ತಾದ. ಊರಿನ ಹುಡುಗರನ್ನೆಲ್ಲ ಪಳಗಿಸಿದವನು ಒಂದು ಪಂದ್ಯದಲ್ಲಿ ಸೊಂಟ ಮುರಿದುಕೊಂಡು ಮಂಚ ಹಿಡಿದ. ನಾನು ಅರಕಲಗೂಡಿಗೆ ಕೊಟ್ಟ ಹೆಣ್ಣು, ಗಂಡ ಸತ್ತಮೇಲೆ ತವರಿಗೆ ಬಂದು ಬಿದ್ದಿದ್ದೆ. ಅಲ್ಲಿ ಅತ್ತೆಯಿಂದ ಬೆಂಡು ಕೊರೆದು ಮದುವೆಗೆ ಬಾಸಿಂಗ ಮಾಡೋದು ಕಲಿತಿದ್ದೆ. ಕೈ ಚೆನ್ನಾಗಿ ಕೂತಿತ್ತು. ಆದರೆ ಗಂಡ ಸತ್ತವಳು ಮಾಡಿದ ಬಾಸಿಂಗವನ್ನ ಯಾವ ಮದುಮಗ ಹಣೆಗೆ ಕಟ್ಟಿಕೊಳ್ತಾನೆ? ಅಪ್ಪನಿಗೆ ಸೊಂಟ ಹೋಗಿತ್ತು, ನನಗೆ ಕೈ ಇದ್ದೂ ಇಲ್ಲದಂಗಾಗಿತ್ತು. ಬೆಳಗಿಂದ ಸಂಜೆವರೆಗೂ ಇಬ್ಬರೂ ಜಗಳ ಆಡ್ತಿದ್ದೆವು.

ಜರ್ಮನಿ ಯುದ್ಧದ ಹಿಂದಿನ ವರ್ಷ ಹಾಸನದಿಂದ ಒಬ್ಬ ಡ್ರಿಲ್ ಮೇಷ್ಟ್ರು ಬಂದರು, ಅಪ್ಪನ ಹಳೇ ಶಿಷ್ಯರು. ಎಲ್ಲಾ ದೇಶದವರೂ ಸೇರಿ ಆಡೋ ದೊಡ್ಡ ಪಂದ್ಯಗಳು ನಡೆಯುತ್ತಾವಂತೆ. ಮೊದಲು ಜಪಾನಿನಲ್ಲಿ ಅಂದಿದ್ದರಂತೆ, ಈಗ ಯಾವುದೋ ಚಳಿ ದೇಶದಲ್ಲಂತೆ. ನಮ್ಮ ಗರಡಿ ಹೇಗಿರುತ್ತೆ ಅಂತ ತೋರಿಸೋಕೆ ಒಂದು ಮಾದರಿ ಮಾಡಿಕೊಟ್ಟರೆ ಹೋಗೋರ ಜೊತೆ ಕಳಿಸ್ತೀನಿ ಅಂದರು. ಒಂದಡಿಗೆ ಒಂದಂಗುಲದ ಲೆಕ್ಕ. ಅಪ್ಪ ಎದ್ದು ಕೂರೋಕೆ ನೋಡಿದ, ಆಗಲಿಲ್ಲ.

"ನನ್ ಗರಡೀನಾ? ಪರದೇಸದೋರು ನೋಡ್ತಾರಾ?" ಅಂದ. ಅವತ್ತಿನಿಂದ ಅವನು ಬದುಕಿದ್ದೇ ಅದಕ್ಕೆ.

ಮಾಡೋಳು ನಾನು. ಆ ಗರಡಿ ಒಳಗನ್ನ ನಾನು ಕಣ್ಣಾರೆ ಕಂಡವಳೇ ಅಲ್ಲ. ಹೆಂಗಸರು ಅದರ ಹೊಸ್ತಿಲು ತುಳಿಯೋ ಹಾಗಿರಲಿಲ್ಲ. ಒಂದೇ ಒಂದು ಗಳಿಗೆ ಬಿಡಪ್ಪ, ಅಳತೆ ತಗೊಂಡು ಬಂದ್ಬಿಡ್ತೀನಿ ಅಂತ ಗೋಗರೆದೆ.

"ನಿನ್ ಕಣ್ ಯಾಕೆ, ನನ್ ಬಾಯಿಲ್ವಾ? ನಾನ್ ಯೋಳ್ತೀನಿ, ನೀನ್ ಮಾಡು."

ಅವನ ಅಳತೆಯೆಲ್ಲ ಅವನ ಮೈಯದೇ. ಕಂಬ ಎಷ್ಟೆತ್ತರ ಅಂದರೆ "ನನ್ ತಲೆ ಮ್ಯಾಲೆ ಒಂದ್ ಮೊಳ." ಗೋಡೆಯಲ್ಲಿ ಹನುಮಪ್ಪನ ಗೂಡು ಎಷ್ಟಗಲ ಅಂದರೆ "ಎಲ್ಡ್ ಗೇಣು." ಮಂಚದ ಪಕ್ಕ ಕೂತು, ಅವನ ಅಂಗೈ ಬಿಡಿಸಿ, ದಾರ ಹಿಡಿದು ಅಳೀತಿದ್ದೆ. ಬಾಗಿಲಿನ ಹತ್ತಿರ ದೊಡ್ಡ ರಂಪವಾಯಿತು. ನಾನು ಮನೆ ಬಾಗಿಲಿನಂಗೆ ಎತ್ತರಕ್ಕೆ ಮಾಡಿದ್ದೆ. ಬೆರಳಲ್ಲಿ ತಡವಿ ನೋಡಿದವನೇ ಕಿತ್ತು ಹಾಕಿದ.

"ಇದೇನ್ ಟೆಂಟ್ ಸಿನಿಮಾನಾ? ಗರಡಿ ಬಾಗ್ಲು ನನ್ನೆದೆ ಮಟ್ಟಕ್ಕಿರ್ಬೇಕು. ಎಂಥಾ ಪೈಲ್ವಾನ್ ಬಂದ್ರೂ ಬಗ್ಗೇ ಒಳಕ್ ಓಗ್ಬೇಕು ಕಣಮ್ಮಿ!"

ಮೂರು ಸಲ ಮಾಡಿಸಿದ, ಪುಣ್ಯಾತ್ಮ. ನನಗೂ ರೋಸಿಹೋಗಿ ಒಂದು ದಿನ ಅವನಿಗೆ ಮುದ್ದೆ ಇಕ್ಕದೆ ಮಲಗಿದ್ದೆ.

ಕಡೆಗೆ ಮುಗೀತು. ಬೆಂಡಿನ ಗೋಡೆ, ಬಿದಿರು ಸೀಳಿನ ತೊಲೆ, ಉಗುರಿನಷ್ಟಷ್ಟೇ ಹೆಂಚು. ನಡುವೆ ಮಟ್ಟಿ, ಅಂದರೆ ಕುಸ್ತಿ ಆಡೋ ಮಣ್ಣಿನ ಗುಂಡಿ. ಅದಕ್ಕೆ ಮರದ ಹೊಟ್ಟಿಗೆ ಕೆಂಪು ಬಣ್ಣ ಕಲಸಿ ತುಂಬ್ತೀನಿ ಅಂದರೆ ಅಪ್ಪ ಕೆಂಡವಾದ. ಗರಡಿಯ ಮಣ್ಣನ್ನೇ ಟವೆಲಿನಲ್ಲಿ ಕಟ್ಟಿ ತರಿಸಿದ. ದಂಡಿಗನಹಳ್ಳಿ ಕಡೆಯಿಂದ ಗಾಡಿಯಲ್ಲಿ ತಂದ ಕೆಮ್ಮಣ್ಣು ಅದು. ವರ್ಷಗಟ್ಟಲೆ ಮಜ್ಜಿಗೆ, ಎಣ್ಣೆ, ಅರಿಶಿನ ಕುಡಿದು ಹಸಿಹಸಿಯಾಗಿತ್ತು.

"ಬಾಂಡ್ಲೀಲಿ ಹುರಿದು ಹಾಕ್ತೀನಪ್ಪ, ಹುಳ ಹಿಡಿದೀತು" ಅಂದೆ.

"ಅನುಮಪ್ಪನ್ ಮಣ್ಣು ಕಣವ್ವ. ಬೆಂಕಿಗಿಟ್ರೆ ಸತ್ತೋಯ್ತದೆ. ಇದೊಂದ್ ಮಾತ್ ನಡ್ಸು" ಅಂದ. ಕಣ್ಣಲ್ಲಿ ನೀರು. ಸೊಂಟ ಮುರಿದಾಗಲೂ ಅಳದವನು. ನಾನು ಸೋತು, ಹಸಿ ಮಣ್ಣನ್ನೇ ತುಂಬಿದೆ.

ಮೇಷ್ಟ್ರು ಬಂದು ಬಗ್ಗಿ, ಬಾಗಿಲೊಳಗೆ ಇಣುಕಿ ಇಣುಕಿ ನೋಡಿದರು. ಪೆಟ್ಟಿಗೆಯಲ್ಲಿಟ್ಟು, ಮೊಳೆ ಹೊಡೆದು, ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಬರೆದರು. ಅದನ್ನ ಕಳಿಸೋಕೆ ಮುಂಚೆಯೇ ಯುದ್ಧ ಶುರುವಾಯಿತು. ಪಂದ್ಯ ನಿಂತಿತು ಅಂತ ಕಾಗದ ಬಂತು. ಅಪ್ಪ ಧೃತಿಗೆಡಲಿಲ್ಲ. "ಯುದ್ಧ ಮುಗಿದ್ಮೇಲೆ ಆಡ್ದೇ ಇರ್ತಾರಾ?" ಅಂತ ಪೆಟ್ಟಿಗೆಯನ್ನ ಮಂಚದ ಕೆಳಗೆ, ಮಣ್ಣುಗೋಡೆ ಬದಿಗೆ ತಳ್ಳಿಸಿದ. ಮೊಳೆ ಮುಟ್ಟಬಾರದು ಅಂತ ನನ್ನ ಕೈಲಿ ಆಣೆ ಹಾಕಿಸಿಕೊಂಡ.

ಯುದ್ಧ ಎಲ್ಲಿ ಬೇಗ ಮುಗೀತು? ಕುಸ್ತಿ ಹುಡುಗರಲ್ಲಿ ಅರ್ಧ ಜನ ಪಟಾಲಮ್ಮು ಸೇರಿದರು. ಗರಡಿಗೆ ಬೀಗ ಬಿತ್ತು, ಆಮೇಲೆ ಅದನ್ನ ರೇಷನ್ ಡಿಪೋ ಮಾಡಿದರು. ಅಪ್ಪನ ಕಿವಿಗೆ ಇದು ಬೀಳಬಾರದು ಅಂತ ಕೇರಿಯವರಿಗೆಲ್ಲ ಕೈಮುಗಿದೆ. ಹುಡುಗರು ದಿನಾ ಸಾಮು ಮಾಡ್ತಾವ್ರಪ್ಪ ಅಂತ ಸುಳ್ಳು ಹೇಳ್ತಾ ಬಂದೆ.

ನಮ್ಮ ಮನೆಗೂ ರೇಷನ್ ಚೀಟಿ ಬಂತು. ಚೀಲ ಹಿಡಿದು ಹೋದೆ. ಸರದಿ ಬಂದಾಗ ಗರಡಿ ಬಾಗಿಲಲ್ಲಿ ತಲೆ ತಗ್ಗಿಸಿ, ಸೊಂಟ ಬಗ್ಗಿಸಿ ಒಳಗೆ ಕಾಲಿಟ್ಟೆ. ಹಿಂದಿದ್ದ ಹೆಂಗಸರು ಕಿಸಕ್ಕನೆ ನಕ್ಕರು. "ಏನವ್ವಾ, ಏನ್ ಬೀಳಿಸ್ಕೊಂಡೆ?" ಅಂತ ಡಿಪೋದವನು ಕೇಳಿದ. ತಲೆ ಎತ್ತಿ ನೋಡಿದೆ. ಮೂಟೆ ಹೊತ್ತವರು ಓಡಾಡಲಿ ಅಂತ ಬಾಗಿಲನ್ನ ಒಡೆದು ಆಳೆತ್ತರ ಮಾಡಿದ್ದರು. ನಾನು ಬಗ್ಗಿದ್ದು ಇಲ್ಲದ ಬಾಗಿಲಿಗೆ. ಒಳಗೆ ಮಟ್ಟಿಯ ಮೇಲೆ ಚಪ್ಪಡಿ ಹಾಸಿದ್ದರು, ಅದರ ಮೇಲೆ ತೊಲೆವರೆಗೂ ಮೂಟೆ. ಹನುಮಪ್ಪನ ಗೂಡಿನಲ್ಲಿ ತೂಕದ ಬಟ್ಟುಗಳನ್ನ ಜೋಡಿಸಿದ್ದರು. ಅದು ಎರಡು ಗೇಣೇ ಇತ್ತು. ರಾಗಿ ಅಳೆಸಿಕೊಂಡು ಮನೆಗೆ ಬಂದು ಮುದ್ದೆ ಮಾಡಿ ಅಪ್ಪನಿಗೆ ಇಕ್ಕಿದೆ.

ಸ್ವಾತಂತ್ರ್ಯ ಬಂದ ಮಾರನೇ ವರ್ಷ ಮೇಷ್ಟ್ರು ಮತ್ತೆ ಬಂದರು. ತಲೆ ನರೆತಿತ್ತು. ಈ ಸಲ ಲಂಡನ್ನಿನಲ್ಲಿ ಪಂದ್ಯ, ಪೆಟ್ಟಿಗೆ ಕೊಡಿ ಅಂದರು. ಅಷ್ಟರಲ್ಲಿ ಅಪ್ಪನಿಗೆ ಕಣ್ಣು ಪೂರಾ ಮಂಜು. "ತಗಿಯವ್ವ, ತಗಿ! ನಾನ್ ಯೋಳ್ನಿಲ್ವಾ?" ಅಂತ ಚಿಕ್ಕ ಮಗುವಿನಂಗೆ ಆತುರ ಪಟ್ಟ.

ಪೆಟ್ಟಿಗೆ ಎಳೆದರೆ ಬೆರಳು ಹಲಗೆಯೊಳಗೇ ಹೋಯಿತು. ಗೆದ್ದಲು. ಗೋಡೆಯಿಂದ ಇಳಿದು, ಆ ಹಸಿ ಮಣ್ಣಿನ ವಾಸನೆಗೆ ಒಳಗೆ ಸೇರಿಕೊಂಡು ಬೆಂಡು, ಬಿದಿರು, ಮೂರು ಸಲ ಮಾಡಿದ ಆ ಬಾಗಿಲು, ಎಲ್ಲವನ್ನೂ ತಿಂದುಹಾಕಿತ್ತು. ಉಳಿದದ್ದು ಮಣ್ಣು ಮಾತ್ರ. ಮೇಷ್ಟ್ರು ಅಪ್ಪನ ಕಾಲು ಮುಟ್ಟಿ ಹೊರಟುಹೋದರು.

ಅಪ್ಪ ಕೈ ಚಾಚಿ ಪೆಟ್ಟಿಗೆ ಒಳಗೆ ತಡವಿದ. ಹಿಡಿ ಮಣ್ಣು ತೆಗೆದು ಮೂಸಿದ.

"ಮಿಕ್ಕಿದ್ದು?"

"ಗೆದ್ಲು ತಿಂದೈತೆ ಕಣಪ್ಪ."

ಮಣ್ಣನ್ನ ಬೆರಳಲ್ಲಿ ತಿಕ್ಕಿ ನೋಡಿದ. "ಬಾಂಡ್ಲೀಲಿ ಉರೀತೀನಿ ಅಂದಿದ್ದೆ ನೀನು" ಅಂದ. ಅವನನ್ನ ಬಯ್ಯೋಕೆ ಬಾಯಿ ತೆಗೆದಿದ್ದೆ. ಆ ಮಾತು ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು, ದೇವರಾಣೆಗೂ ಏನೂ ಉಳೀಲಿಲ್ಲ.

"ಓಗ್ಲಿ ಬುಡು. ಯಾರೂ ನೋಡ್ನಿಲ್ಲ" ಅಂದ.

ಅದನ್ನ ಮಾತ್ರ ನನ್ನ ಕೈಲಿ ತಡೆಯೋಕಾಗಲಿಲ್ಲ. "ನಾನ್ ನೋಡಿವ್ನಿ ಕಣಪ್ಪ. ಒಳಕ್ಕೋಗಿದ್ದೆ. ನೀನ್ ಯೋಳ್ದಂಗೇ ಐತೆ" ಅಂದುಬಿಟ್ಟೆ. ಹೆಣ್ಣಾಗಿ ಗರಡಿ ತುಳಿದೆಯಾ ಅಂತ ಹೊಡೀತಾನೆ ಅಂದುಕೊಂಡೆ. ಅವನ ಮುಷ್ಟಿಯಿಂದ ಮಣ್ಣು ಸ್ವಲ್ಪ ಸ್ವಲ್ಪವೇ ಹಾಸಿಗೆ ಮೇಲೆ ಉದುರುತ್ತಿತ್ತು.

"ಬಾಗ್ಲಲ್ಲಿ ಬಗ್ಗಿದ್ಯಾ?"

"ಬಗ್ಗಿದ್ದೆ ಕಣಪ್ಪ."

"ಅಂಗಾರೆ ಸರಿ" ಅಂದು ಅಪ್ಪ ಗೋಡೆ ಕಡೆಗೆ ಮುಖ ತಿರುಗಿಸಿಕೊಂಡ.