ಮುನ್ನೂರು ಕೊಕ್ಕರೆಗಳ ಮೇಷ್ಟ್ರು

ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಎಳೆಮಗುವಿನ ಕೆನ್ನೆಯಂಥ ನುಣುಪು ಚರ್ಮ. ಎಂದೋ ಪ್ರೆಸ್ಸಿಗೆ ಸಿಕ್ಕಿ ಹೋದದ್ದು, ಮತ್ತೆ ಬೆಳೆಯಲೇ ಇಲ್ಲ. ಬೇರೆಯವರಾಗಿದ್ದರೆ ಮುಚ್ಚಿಟ್ಟುಕೊಳ್ಳುತ್ತಿದ್ದರು. ಇವರು ಅದನ್ನೇ ಅಳತೆಯ ಉಪಕರಣ ಮಾಡಿಕೊಂಡರು. ಬೆರಳನ್ನು ಮಗುಚಿ ಉಕ್ಕಿನ ಅಚ್ಚಿನ ಮೇಲೆ ಒಮ್ಮೆ ಸವರಿದರೆ ಸಾಕು, ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕೂ ಅವರಿಗೆ ಸಿಗುತ್ತಿತ್ತು.

ನಮಗೆಲ್ಲ ಅವರು ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ಅಚ್ಚು ಕೆತ್ತುವ ಮೇಷ್ಟ್ರು. ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ನಾವಿಬ್ಬರೂ ಪಕ್ಕಪಕ್ಕದ ಬೆಂಚಿನವರು. ಕೆಲಸದಲ್ಲಿ ಅವರು ಎಷ್ಟು ದೊಡ್ಡವರೋ ಕೀಟಲೆಯಲ್ಲಿ ನಾನು ಅಷ್ಟೇ ದೊಡ್ಡವನು. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಸೂಪರ್‌ವೈಸರರ ಛತ್ರಿಯೊಳಗೆ ಸೀಮೆಸುಣ್ಣದ ಪುಡಿ ತುಂಬಿ ಮೊದಲ ಮಳೆಗಾಗಿ ಕಾದವನು ನಾನು. ಫೋರ್‌ಮನ್ನರ ಸ್ಟೂಲಿನ ಕಾಲುಗಳನ್ನು ದಿನಕ್ಕಿಷ್ಟಿಷ್ಟೇ ಉಜ್ಜಿ ಸವೆಸಿ, ತಿಂಗಳೊಳಗೆ ಆ ಮನುಷ್ಯ ತನ್ನ ಮೇಜು ಎತ್ತರವಾಗುತ್ತಿದೆ ಎಂದು ದೂರು ಬರೆಯುವಂತೆ ಮಾಡಿದವನೂ ನಾನೇ. ಮೇಷ್ಟ್ರು ಅದನ್ನು ಮೂರನೇ ದಿನಕ್ಕೇ ಹಿಡಿದಿದ್ದರು. ಬೈಯಲಿಲ್ಲ.

"ಲೋ, ನಾಲ್ಕೂ ಕಾಲು ಸಮ ತೆಗಿಯೋ. ಅಲ್ಲಾಡಿದ್ರೆ ಬೀಳ್ತಾನೆ ಮನುಷ್ಯ," ಅಂದರು, ಅಷ್ಟೇ.

ನನ್ನ ಬಗ್ಗೆ ಅವರಿಗೊಂದು ನಂಬಿಕೆಯಿತ್ತು. ಇವನು ಜನರ ಮೇಲೆ ಎಷ್ಟು ಬೇಕಾದರೂ ಆಟವಾಡಲಿ, ಕೆಲಸದ ಮೇಲೆ ಆಡುವುದಿಲ್ಲ ಎಂದು. ಬೇರೆ ಯಾರು ಏನು ಕೊಟ್ಟರೂ ಆ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು. ನಾನು ಕೊಟ್ಟದ್ದನ್ನು ಮಾತ್ರ ನೋಡದೆ ತೆಗೆದುಕೊಳ್ಳುತ್ತಿದ್ದರು.

ನಿವೃತ್ತಿಯಾದ ಮೇಲೆ ಪೀಣ್ಯದ ಒಂದು ಸಣ್ಣ ಶೆಡ್ಡಿನವರು ಅವರನ್ನು ಕರೆಸಿಕೊಂಡರು. ಕಂಪನಿಗಳು ದೀಪಾವಳಿಗೆ ಹಂಚುವ ಬೆಳ್ಳಿ ನಾಣ್ಯ, ಮದುವೆಗೆ ಕೊಡುವ ಬೆಳ್ಳಿ ನಾಣ್ಯ, ಇಂಥವನ್ನು ಹೊಡೆಯುವ ಶೆಡ್ಡು ಅದು. ಮನೆಯಲ್ಲಿ ಕೂತು ಹೆಂಡತಿಯ ತಲೆ ತಿನ್ನುವುದು ಬೇಡವೆಂದು ನಾನೂ ಹಿಂದೆಯೇ ಹೋಗಿ ಪ್ಯಾಕಿಂಗಿಗೆ ಸೇರಿದೆ. ನಾಣ್ಯವನ್ನು ಡಬ್ಬಿಗೆ ಹಾಕುವುದು, ವಿಳಾಸ ಬರೆಯುವುದು, ಪುಸ್ತಕದಲ್ಲಿ ಗುರುತು ಮಾಡಿಕೊಳ್ಳುವುದು ನನ್ನ ಕೆಲಸ.

ಒಂದು ದಿನ ಶೆಡ್ಡಿನ ಮಾಲೀಕ ಹೊಸ ಲೆಕ್ಕಾಚಾರ ತಂದ. ಕೆರೆಯ ಕೊಕ್ಕರೆಯ ಚಿತ್ರವಿರುವ ನಾಣ್ಯ, ಮುನ್ನೂರೇ ಮುನ್ನೂರು. ಆಮೇಲೆ ಅಚ್ಚು ರದ್ದು. ಪ್ರತಿ ನಾಣ್ಯದ ಜೊತೆ ಒಂದು ಕಾರ್ಡು, ಅದರ ಮೇಲೆ ಮೇಷ್ಟ್ರ ಸಹಿ. ಕಡಿಮೆ ಇರುವ ವಸ್ತುವಿಗೆ ಜನ ಮುಗಿಬೀಳುತ್ತಾರೆ, ಬೆಳ್ಳಿಯ ದರದ ಮೇಲೆ ಇಷ್ಟು ಹೆಚ್ಚು ಕೇಳಬಹುದು ಎಂಬುದು ಅವನ ಎಣಿಕೆ. ಮೊದಲು ಬಂದವರು ಮಾದನಾಯಕನಹಳ್ಳಿಯ ಗೌಡರು. ಹೊಲವಿದ್ದ ಜಾಗದಲ್ಲಿ ಈಗ ಅವರ ಗೋಡೌನುಗಳಿವೆ. ಮೊಮ್ಮಕ್ಕಳ ಹೆಸರಿನಲ್ಲಿ ನಲವತ್ತು ನಾಣ್ಯ ಬೇಕೆಂದರು.

"ಮೇಷ್ಟ್ರೇ, ಕಮ್ಮಿ ಒಡುದ್ರೆ ಮುಂದ್ಕೆ ಬೆಲೆ ಜಾಸ್ತಿ ಆಯ್ತದಂತೆ, ನಿಜವಾ?"

"ಗೌಡ್ರೇ, ನನ್ನ ಮೊಮ್ಮಗಳು ಗೋಡೆ ಮೇಲೆ ಒಂದು ಆನೆ ಬರ್ದಿದ್ದಾಳೆ. ಪ್ರಪಂಚದಲ್ಲಿ ಅಂಥದ್ದು ಒಂದೇ ಇರೋದು. ತಗೋತೀರಾ?"

ಗೌಡರು ನಕ್ಕರು. ಮೇಷ್ಟ್ರು ನಗಲಿಲ್ಲ.

"ಕಮ್ಮಿ ಇದ್ರೆ ಸಾಲ್ದು, ಬೇಕು ಅನ್ನೋರು ಜಾಸ್ತಿ ಇರ್ಬೇಕು. ಹಳೇ ನಾಣ್ಯ ಜನ ಕರಗಿಸಿ, ಕಳ್ಕೊಂಡು, ಹಂಗೆ ಕಮ್ಮಿ ಆಗಿರೋದು. ಇದನ್ನ ನಾವು ಬೇಕಂತ್ಲೇ ಕಮ್ಮಿ ಮಾಡ್ತಿದ್ದೀವಿ. ತಗೊಂಡೋರೆಲ್ಲ ಬೀರೂಲಿಟ್ಟು ಜೋಪಾನ ಮಾಡ್ತಾರೆ. ಇಪ್ಪತ್ತು ವರ್ಷ ಆದ್ಮೇಲೂ ಮುನ್ನೂರಕ್ಕೆ ಮುನ್ನೂರೂ ಇರ್ತವೆ. ಬೆಳ್ಳಿ ಅಂತ ತಗೊಳ್ಳಿ, ಕೊಕ್ಕರೆ ಚೆನ್ನಾಗಿದೆ ಅಂತ ತಗೊಳ್ಳಿ. ಕಮ್ಮಿ ಅಂತ ತಗೋಬೇಡಿ."

"ಆದ್ರೆ ಮುನ್ನೂರೇ ತಾನೆ?"

"ಅದು ನನ್ನ ಮಾತು. ಮುನ್ನೂರೊಂದು ಆಗಲ್ಲ."

ಮಾಲೀಕನ ಮುಖ ಸಪ್ಪಗಾಗಿತ್ತು. ಗೌಡರಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ನಲವತ್ತಕ್ಕೂ ಮುಂಗಡ ಕಟ್ಟಿದರು.

ಅಚ್ಚು ರದ್ದು ಮಾಡುವುದೆಂದರೆ ನಮ್ಮಲ್ಲಿ ಅದಕ್ಕೊಂದು ಪದ್ಧತಿ. ಕೊನೆಯ ನಾಣ್ಯ ಬಿದ್ದ ಮೇಲೆ ಅಚ್ಚನ್ನು ಎಲ್ಲರೆದುರು ಹಿಡಿದು, ಚಿತ್ರವಿರುವ ಅದರ ಮುಖದ ಮೇಲೆ ಗ್ರೈಂಡರಿನಿಂದ ಅಡ್ಡಗೀಟು ಎಳೆಯಬೇಕು. ಅಂದು ಮಾಲೀಕ ಗೌಡರನ್ನೂ ಕರೆಸಿದ್ದ. ಮಧ್ಯಾಹ್ನದ ಬಿಸಿಲಿಗೆ ತಗಡಿನ ಸೂರು ಕಾದು ಟಕಟಕ ಅನ್ನುತ್ತಿತ್ತು. ಪ್ರೆಸ್ಸಿನಿಂದ ಬಿಚ್ಚಿ ಒರೆಸಿ ಅಚ್ಚನ್ನು ಮೇಷ್ಟ್ರ ಕೈಗೆ ಕೊಡುವವನು ನಾನು.

ಅಲ್ಲಿಯೇ ನನ್ನ ತಲೆಯಲ್ಲಿ ಹುಳು ಹೊಕ್ಕಿತು.

ಇದೇ ಕೊಕ್ಕರೆಯ ಮೊದಲನೇ ಅಚ್ಚು, ಗಟ್ಟಿಯಾಗಲೆಂದು ಕಾಯಿಸಿ ಹದ ಹಾಕುವಾಗ, ಬಿರುಕು ಬಿಟ್ಟು ಮೂಲೆಗೆ ಸೇರಿತ್ತು. ನಾನು ಅದಕ್ಕೆ ಬಿರುಕು ಕಾಣದಂತೆ ದಪ್ಪಗೆ ಗ್ರೀಸು ಬಳಿದು ಮೇಷ್ಟ್ರ ಕೈಗೆ ಕೊಟ್ಟೆ. ನಿಜವಾದದ್ದನ್ನು ಕಾಟನ್ ವೇಸ್ಟಿನಲ್ಲಿ ಸುತ್ತಿ ಕಪಾಟಿನೊಳಗೆ ತಳ್ಳಿದೆ. ಮಾರನೆಯ ದಿನ ಅದನ್ನು ಅವರ ಮೇಜಿನ ಮೇಲಿಟ್ಟು, "ಏನ್ ಮೇಷ್ಟ್ರೇ, ಸತ್ತ ಕೊಕ್ಕರೆ ಎದ್ದು ಬಂತಲ್ಲ!" ಅನ್ನಬೇಕು. ಅವರ ಮುಖ ನೋಡಬೇಕು. ಜೀವಮಾನದಲ್ಲಿ ಯಾರೂ ಏಮಾರಿಸದ ಮನುಷ್ಯನನ್ನು ನಾನು ಏಮಾರಿಸಿದೆ ಅಂತ ಬಾಗಲಗುಂಟೆಯ ಟೀ ಅಂಗಡಿಯಲ್ಲಿ ವರ್ಷಗಟ್ಟಲೆ ಹೇಳಿಕೊಳ್ಳಬೇಕು.

ಅವರು ಬೆರಳಿನಿಂದ ಸವರಲಿಲ್ಲ. ಕೊಟ್ಟವನು ನಾನಲ್ಲವೆ? ಕಿಡಿ ಹಾರಿತು. ಗೌಡರು ಕೈ ಮುಗಿದರು. ಮೇಷ್ಟ್ರು ಕೂತು ಮುನ್ನೂರು ಕಾರ್ಡಿಗೂ ಸಹಿ ಹಾಕಿದರು, ಒಂದೂ ಅವಸರದ್ದಲ್ಲ.

ಬೆಳಗಾಗಿ ಹೋಗಿ ನೋಡಿದರೆ ಕಪಾಟಿನಲ್ಲಿ ಅಚ್ಚಿಲ್ಲ. ನನಗೆ ನಗು ಬಂತು. ಮುದುಕ ಹಿಡಿದುಬಿಟ್ಟ, ತೆಗೆದು ಬಚ್ಚಿಟ್ಟು ನನ್ನನ್ನೇ ಆಡಿಸುತ್ತಿದ್ದಾನೆ ಅಂದುಕೊಂಡೆ. ಯಾರು ಮೊದಲು ಬಾಯಿ ಬಿಡುತ್ತಾರೋ ಅವರು ಸೋತಂತೆ. ನಾನು ಸೋಲುವವನಲ್ಲ. ಹೀಗೆ ಮೂರು ವಾರ ಸುಮ್ಮನಿದ್ದೆ. ಅವರೂ ಎಂದಿನಂತೆ ಸುಮ್ಮನಿದ್ದರು. ದಿನ ಕಳೆದಂತೆ ಅವರ ಮೌನದಲ್ಲಿ ಆಟವೇನೂ ಇಲ್ಲವೆಂದು ನನಗೆ ಒಳಗೊಳಗೇ ಅನ್ನಿಸತೊಡಗಿತ್ತು. ಆದರೂ ಕೇಳಲಿಲ್ಲ.

ವಾರದ ರಜೆಯ ದಿನ ಶೆಡ್ಡಿನ ಹಿಂದಿನ ರಸ್ತೆಯಲ್ಲಿ ಟೀ ಕುಡಿಯುತ್ತಿದ್ದೆವು. ರಜೆಯಾದ್ದರಿಂದ ಬೀದಿಯೆಲ್ಲ ಬಿಕೋ ಅನ್ನುತ್ತಿತ್ತು, ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದೊಂದೇ. ಮೇಷ್ಟ್ರು ಲೋಟವನ್ನು ತುಟಿಯ ಹತ್ತಿರ ತಂದವರು ಅಲ್ಲಿಯೇ ನಿಲ್ಲಿಸಿದರು.

"ಕೇಳಿಸ್ತಾ?"

"ಏನು?"

"ಬೆಳ್ಳಿ ಮೇಲೆ ಬೀಳ್ತಿರೋ ಏಟು ಕಣೋ ಅದು. ನಮ್ಮ ಪ್ರೆಸ್ಸು."

ಗೋಡೆಯಾಚೆ ಒಂದೊಂದೇ ಏಟು, ನಿಧಾನಕ್ಕೆ. ಮೇಷ್ಟ್ರು ಲೋಟ ಕೆಳಗಿಟ್ಟು ಶೆಡ್ಡಿನ ಕಡೆ ನಡೆದರು. ಅವರ ಹಿಂದೆ ಹೋಗದಿರಲು ನೂರು ನೆಪ ಹುಡುಕಿದೆ. ಹೋದೆ.

ಮಾಲೀಕ ಒಬ್ಬನೇ ಇದ್ದ. ಬಕೆಟ್ಟಿನ ತಳದಲ್ಲಿ ಕೊಕ್ಕರೆಗಳು ಹೊಳೆಯುತ್ತಿದ್ದವು. ಬೆಂಚಿನ ಮೇಲೆ ಹೊಸ ಕಾರ್ಡುಗಳ ಕಟ್ಟು, ಅವುಗಳ ಮೇಲೆ ಪ್ರಿಂಟ್ ಮಾಡಿಸಿದ ಮೇಷ್ಟ್ರ ಸಹಿ.

"ಕಪಾಟಲ್ಲಿ ಸಿಕ್ತು ಮೇಷ್ಟ್ರೇ. ನೀವೇ ಬೇಕಂತ ಉಳ್ಸಿದ್ದೀರ ಅಂದ್ಕೊಂಡೆ," ಅಂದ ಅವನು.

"ಎಷ್ಟು ಹೊಡ್ದೆ?"

"ಅದ್ಯಾಕೆ ನಿಮಗೆ? ಹೊರಗೆ ಗೊತ್ತಾದ್ರೆ ಜನ ಕೇಳೋದು ಯಾರನ್ನ? ಕಾರ್ಡ್ ಮೇಲಿರೋ ಸೈನು ನಂದಲ್ಲ."

ಮೇಷ್ಟ್ರು ಪ್ರೆಸ್ಸು ನಿಲ್ಲಿಸಿ ಅಚ್ಚು ಬಿಚ್ಚಿದರು. ಹೆಬ್ಬೆರಳಿನಿಂದ ಸವರಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅವತ್ತು ನಾನು ಗೀಟು ಹಾಕಿದ್ದು ನೀನು ಕೈಗೆ ಕೊಟ್ಟಿದ್ದು, ಅಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ. ಅವರು ಅಚ್ಚಿಗೆ ಅಡ್ಡಗೀಟು ಎಳೆದರು. ನಾನು ಅಚ್ಚು ಬದಲಾಯಿಸಿದ್ದರ ಬಗ್ಗೆ ಅವರು ನನ್ನೊಡನೆ ಆಡಿದ ಮೊದಲ ಮಾತೂ ಆ ಪ್ರಶ್ನೆಯೇ, ಕೊನೆಯದೂ ಅದೇ.

ಅಂದೇ ಗೌಡರ ಮನೆಗೆ ಹೋದೆವು. "ಅಚ್ಚು ಸರಿಯಾಗಿ ನೋಡ್ದೆ ಗೀಟು ಹಾಕ್ಬಿಟ್ಟೆ ಗೌಡ್ರೇ. ತಪ್ಪು ನಂದು. ಮುನ್ನೂರಲ್ಲ, ಎಷ್ಟಿದಾವೋ ನಂಗೇ ಗೊತ್ತಿಲ್ಲ," ಅಂದರು ಮೇಷ್ಟ್ರು.

"ಇದೇನ್ ಮೇಷ್ಟ್ರೇ ಇಂಗಂತೀರಾ! ನಿಮ್ ಮಾತ್ ಮ್ಯಾಕೆ ತಾನೆ ನಾ ತಗಂಡಿದ್ದು? ನೀವೂ ಅವ್ನ ಜೊತೆ ಸೇರ್ಕಂಡ್ರಾ?"

ಊರೆಲ್ಲ ಬಾಯಿಬಡುಕ ಅನ್ನುವ ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಬಾಯಿಂದ ಒಂದಕ್ಷರ ಹೊರಡಲಿಲ್ಲ.

ಗೌಡರು ನಾಣ್ಯಗಳನ್ನು ಮಾರಲು ಮೇನ್ ರೋಡಿನ ಬೆಳ್ಳಿ ಅಂಗಡಿಗೆ ಒಯ್ದರು. ಅಂಗಡಿಯವನು ಕಾರ್ಡುಗಳನ್ನು ಪಕ್ಕಕ್ಕೆ ಸರಿಸಿ ನಾಣ್ಯವನ್ನಷ್ಟೇ ತಕ್ಕಡಿಗೆ ಹಾಕಿದನಂತೆ. ಮುನ್ನೂರಿದ್ದರೂ ಅಷ್ಟೇ, ಮೂರು ಸಾವಿರವಿದ್ದರೂ ಅಷ್ಟೇ, ಬೆಳ್ಳಿಯ ದರ ಮಾತ್ರ ಅಂದನಂತೆ. ನಾನು ಇದನ್ನೇ ಹಿಡಿದುಕೊಂಡು ಮೇಷ್ಟ್ರ ಬಳಿ ಓಡಿದೆ.

"ನೋಡಿದ್ರಾ, ನೀವು ಮೊದಲೇ ಹೇಳಿದ್ರಿ. ಕಮ್ಮಿ ಅನ್ನೋದಕ್ಕೆ ಬೆಲೆನೇ ಇಲ್ಲ. ಅಂದ್ಮೇಲೆ ಯಾರಿಗೂ ಏನೂ ಮೋಸ ಆಗ್ಲಿಲ್ಲ, ಬಿಡಿ."

"ಬೆಲೆ ಇಲ್ದಿದ್ರೆ ಸುಳ್ಳು ನಿಜ ಆಗೋಗುತ್ತೇನೋ?" ಅಂದರು. ಕೈ ಚಾಚಿ, "ಪ್ಯಾಕಿಂಗ್ ಪುಸ್ತಕ ಕೊಡು," ಅಂದರು.

ಪುಸ್ತಕದ ವಿಳಾಸ ಹಿಡಿದು ಮನೆಮನೆಗೆ ಹೋಗಿ, ಪ್ರತಿ ಕಾರ್ಡಿನ ಮೇಲಿನ ತಮ್ಮ ಸಹಿಯನ್ನು ತಾವೇ ಹೊಡೆದುಹಾಕತೊಡಗಿದರು. ವೈಟ್‌ಫೀಲ್ಡು, ಸರ್ಜಾಪುರ, ಎಲೆಕ್ಟ್ರಾನಿಕ್ ಸಿಟಿ. ಬಸ್ಸಿನಲ್ಲಿ ಎರಡು ಗಂಟೆ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಒಂದು ಗಂಟೆ. ಸೆಕ್ಯುರಿಟಿಯವರು ಯಾವುದೋ ಚಂದಾ ಎತ್ತುವ ಮುದುಕ ಅಂದುಕೊಂಡರು. ಒಬ್ಬ ಹುಡುಗ, "ಬಿಡಿ ಅಂಕಲ್, ನಂಗೆ ಕೊಕ್ಕರೆ ಇಷ್ಟ ಆಗಿ ತಗೊಂಡಿದ್ದು," ಅಂದನಂತೆ. ಅವನ ಕಾರ್ಡಿಗೂ ಗೀಟು ಹಾಕಿಯೇ ಬಂದರು. ಇನ್ನು ಕೆಲವರು ಕಳ್ಳ ಅಂತಲೇ ಅಂದರು. ಅದನ್ನೂ ಕೇಳಿಸಿಕೊಂಡು ಬಂದರು.

ಬೇಸಿಗೆಯ ಒಂದು ಸಂಜೆ ಎಲೆಕ್ಟ್ರಾನಿಕ್ ಸಿಟಿಯಿಂದ ಬಂದವರು ನೀರು ಕುಡಿದು ಮಲಗಿದರು, ಮತ್ತೆ ಏಳಲಿಲ್ಲ. ಸಾವಿನ ಮನೆಯಲ್ಲಿ ನಮ್ಮ ಕಾರ್ಖಾನೆಯ ಹಳಬನೊಬ್ಬ, "ಕೊನೇಲಿ ಅದೇನೋ ಡೂಪ್ಲಿಕೇಟ್ ಕೇಸಂತೆ," ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಮಾಲೀಕ ಪ್ರೆಸ್ಸನ್ನು ಬೇರೆ ಕಡೆ ಸಾಗಿಸಿದ್ದಾನೆ. ಈ ಸಲ ನವಿಲಂತೆ, ಇನ್ನೂರೇ ಅಂತೆ.

ಪುಸ್ತಕದಲ್ಲಿ ಉಳಿದಿದ್ದ ಮನೆಗಳಿಗೆ ನಾನು ಹೋದೆ. ಮೇಷ್ಟ್ರು ಗೀಟು ಹಾಕಿ ಬಂದಿದ್ದ ಮನೆಗಳಿಗೂ ಮತ್ತೆ ಹೋದೆ. ಎಲ್ಲ ಕಡೆಯೂ ಒಂದೇ ಮಾತು: ಅಚ್ಚು ಬದಲಾಯಿಸಿದವನು ನಾನು, ಅವರಲ್ಲ. ಗೌಡರು ಕೇಳಿ ಎದ್ದು ಒಳಗೆ ಹೋದರು, ಹೊರಗೆ ಬರಲಿಲ್ಲ. ಕೊನೆಗೆ ಉಳಿದದ್ದು ಮೇಷ್ಟ್ರ ಮನೆಯೇ. ಅವರೂ ಕೈಯಿಂದ ದುಡ್ಡು ಕೊಟ್ಟು ಒಂದು ನಾಣ್ಯ ಕೊಂಡಿದ್ದರು.

ಮೇಷ್ಟ್ರ ಹೆಂಡತಿ, ನಾನು ಅಕ್ಕ ಅನ್ನುವವರು, ಸೊಪ್ಪು ಬಿಡಿಸುತ್ತ ಕೂತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಅವರ ಕೈ ನಿಲ್ಲಲಿಲ್ಲ. ಕಂತೆ ಮುಗಿಯುವವರೆಗೂ ಬಿಡಿಸಿ, ಕೈ ತೊಳೆದು, ಬೀರುವಿನಿಂದ ಕಾರ್ಡು ತಂದು ನನ್ನ ಮುಂದಿಟ್ಟರು.

"ಒಂದೇ ಒಂದ್ಸಲ ನೋಡ್ದೆ ಕೆಲ್ಸ ಮಾಡ್ಬಿಟ್ಟೆ ಅಂತ ಕೊರಗ್ಕೊಂಡೇ ಹೋದ್ರು," ಅಂದರು. ಪೆನ್ನನ್ನೂ ಮುಂದಿಟ್ಟರು. "ಹೊಡೀರಿ."

"ಅಕ್ಕಾ, ಇದೊಂದು ಇರ್ಲಿ..."

"ಊರೋರ್ದೆಲ್ಲ ಹೊಡ್ದಾಯ್ತಲ್ಲ. ಇದೂ ಸುಳ್ಳು ಕಾರ್ಡೇ. ಹೊಡೀರಿ."

ಅವರ ಹೆಸರಿನ ಮೇಲೆ ಪೆನ್ನಿಟ್ಟು ಎಳೆದೆ. ಗೀಟು ಹೆಸರನ್ನು ಬಿಟ್ಟು ಕೆಳಕ್ಕೆ ಜಾರಿತು.

"ಸೊಟ್ಟಗಾಯ್ತು," ಅಂದರು ಅಕ್ಕ. ಕಾರ್ಡನ್ನು ಮತ್ತೆ ನನ್ನ ಕಡೆ ತಳ್ಳಿದರು.